ನಲವತ್ತೆರಡು ಪಾಠಕೋರಾ ಹಾಳಿ

ಆಗ ಕಾಗದವನ್ನು ಯಾರೂ ಒಂದೇ ಬದಿ ಬಳಸಿ ಎಸೆಯುತ್ತಿರಲಿಲ್ಲ. ಲಗ್ನಪತ್ರಿಕೆಯ ಹಿಂದೆ ಕಿರಾಣಿ ಚೀಟಿ, ಕ್ಯಾಲೆಂಡರಿನ ಹಿಂದೆ ನನ್ನ ಮಗ್ಗಿ, ಅಪ್ಪನ ಆಫೀಸಿನ ಸುತ್ತೋಲೆಯ ಹಿಂದೆ ಅವ್ವನ ರಂಗೋಲಿಯ ಚುಕ್ಕಿ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಒಂದು ಬದಿ ಅಚ್ಚಾಗಿ ಇನ್ನೊಂದು ಬದಿ ಖಾಲಿ ಉಳಿದ ಹಾಳಿಗೆ ನಮ್ಮ ಮನೆಯಲ್ಲಿ ಪಾಠಕೋರಾ ಅನ್ನುತ್ತಿದ್ದರು. ಅಪ್ಪನ ಊರು ಆಳಂದದ ಕಡೆಯ ಕಡಗಂಚಿ. ಆ ಸೀಮೆಯಲ್ಲಿ ಮರಾಠಿ ಮಾತುಗಳು ಮನೆಯ ಮಕ್ಕಳ ಹಾಗೆ ಓಡಾಡಿಕೊಂಡಿರುತ್ತವೆ. ಅಪ್ಪನಿಗೆ ಜೇವರ್ಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಕೆಲಸ ಸಿಕ್ಕ ಮೇಲೆ ಆ ಮಾತೂ ನಮ್ಮ ಜೊತೆ ಜೇವರ್ಗಿಗೆ ಬಂತು.

ನನ್ನ ಅಕ್ಕ ಶಿವಲೀಲಾ ತೀರಿಕೊಂಡು ಐದು ತಿಂಗಳಾಯಿತು. ಅವಳ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ಬೇರೆ ಯಾವುದೂ ಮುಂದೆ ಬರುವುದಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಬರುತ್ತದೆ. ನಾನು ಆರನೆಯ ಇಯತ್ತೆ. ಎಳ್ಳಮಾಸಿ ಹಬ್ಬಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ಸಾಲಿ ಬಿಟ್ಟರೆ ಗೆಳತಿಯರ ಜೊತೆ ಕುಂಟಾಪಿಲ್ಲಿ ಆಡುವುದು, ಸಂತೆಯಿಂದ ಬಂದ ಹಸಿ ಕಡಲೆಗಿಡದ ಸುಲಗಾಯಿ ಬಿಡಿಸಿ ತಿನ್ನುವುದು, ಆಮೇಲೆ ಅಕ್ಕನ ಅಂಗಡಿಗೆ ಓಡುವುದು. ತುಟಿ ಒಡೆದಿರುತ್ತಿತ್ತು. ಸುಲಗಾಯಿಯ ಹುಳಿ ತಾಗಿ ಉರಿಯುತ್ತಿತ್ತು. ಆದರೂ ತಿನ್ನುತ್ತಿದ್ದೆವು.

ಅಕ್ಕನ ಅಂಗಡಿ ಅಂದರೆ ಅವಳದ್ದಲ್ಲ, ಖಾಜಾ ಮಾಮಾ ಅವರದು. ಬಸ್ ನಿಲ್ದಾಣದಿಂದ ತಹಶೀಲ್ ಕಚೇರಿಗೆ ಹೋಗುವ ದಾರಿಯಲ್ಲಿತ್ತು. ಮೂವತ್ತು ವರ್ಷ ಸೀಸದ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕಿದ ಮನುಷ್ಯ. ಆ ವರ್ಷ ಗುಲ್ಬರ್ಗಾದಿಂದ ಒಂದು ಕಂಪ್ಯೂಟರ್, ಒಂದು ಹಳೆಯ ಲೇಸರ್ ಪ್ರಿಂಟರ್ ತಂದು ಮೇಜಿನ ಮೇಲಿಟ್ಟು ಅದರ ಮುಂದೆ ಕೈ ಕಟ್ಟಿ ನಿಂತುಬಿಟ್ಟಿದ್ದರು. "ಇದರ ಮೊಳಿ ಎಲ್ಲಿ ಅದಾವ್ ಶಿವಲೀಲಾ? ಕೈಗೇ ಸಿಗವಲ್ವು!" ಅಂತ ಅಕ್ಕನನ್ನು ಕೇಳಿದ್ದರಂತೆ. ಅಕ್ಕ ಲಗ್ನಕ್ಕೆ ಮುಂಚೆ ಗುಲ್ಬರ್ಗಾದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದಳು. ಜೇವರ್ಗಿಯಲ್ಲಿ ಕನ್ನಡ ಟೈಪು ಮಾಡಲು ಬರುತ್ತಿದ್ದದ್ದು ಆಗ ಅವಳೊಬ್ಬಳಿಗೇ ಅಂತ ನಾನು ನಂಬಿದ್ದೆ.

ಅಕ್ಕನನ್ನು ಅಫಜಲಪುರ ತಾಲೂಕಿನ ಗೊಬ್ಬೂರಿಗೆ ಕೊಟ್ಟಿತ್ತು. ಲಗ್ನವಾದ ಐದನೆಯ ತಿಂಗಳಿಗೆ ಅವಳು ಒಂದು ಟ್ರಂಕಿನ ಸಮೇತ ಮನೆಗೆ ಬಂದಳು. ತಿರುಗಿ ಹೋಗಲಿಲ್ಲ. ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ. ಕೇಳಿದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಅಳಿಯ ಪುಣೆಕ್ಕ ಕೆಲಸಕ್ಕ ಹೋಗ್ಯಾನ್ರಿ. ಮನಿ ಮಾಡಿ ಕರಸ್ಕೋತಾನ." ನಾನೂ ಗೆಳತಿಯರಿಗೆ ಅದನ್ನೇ ಹೇಳುತ್ತಿದ್ದೆ, ಪುಣೆಯ ಮನೆಗೆ ಎರಡು ಮಾಳಿಗೆ ಬೇರೆ ಸೇರಿಸಿ.

ಅಂಗಡಿಗೆ ಹೋಗುತ್ತೇನೆ ಅಂತ ಅಕ್ಕ ಕೇಳಿದ ದಿನ ನೆನಪಿದೆ. ಅಪ್ಪ ಸೈಕಲ್ಲು ಒರೆಸುತ್ತಿದ್ದ. ಬಹಳ ಹೊತ್ತು ಒರೆಸಿದ.

"ಹೋಗು. ಆದ್ರ ಒಂದು ತಿಳ್ಕೋ. ನಮ್ಮನಿ ಮಾತು ಮಂದಿ ಬಾಯಾಗ ಬಿದ್ದ ದಿನ ಅಂಗಡಿ ಬಂದ್. ಮತ್ತ ಕೇಳಬಾರದು."

"ಹೂಂ" ಅಂದಳು ಅಕ್ಕ.

ಆ ಮಾತು ನನಗೆ ಅರ್ಥವಾಗಲಿಲ್ಲ. ಅಂಗಡಿ ಅಕ್ಕನಿಗೆ ಏನಾಗಿತ್ತು ಅನ್ನುವುದು ಮಾತ್ರ ತಿಳಿದಿತ್ತು. ಮನೆಯಲ್ಲಿ ಅವಳು ಗೋಡೆಗೆ ಆತುಕೊಂಡೇ ನಡೆಯುವವಳು. ಯಾರಾದರೂ ಬಂದರೆ ಒಳಗೆ ಹೋಗುವವಳು. ಅಂಗಡಿಯಲ್ಲಿ ವಕೀಲರ ಕಾರಕೂನರಿಗೂ "ಸಾಲಿನಾಗ ನಿಂದರ್ರಿ" ಅನ್ನುತ್ತಿದ್ದಳು. ಅವರು ನಿಲ್ಲುತ್ತಿದ್ದರು. ಒಬ್ಬಳೇ ಅಕ್ಕ ಇಬ್ಬರು ಹೇಗೆ ಆಗಿದ್ದಾಳೆ ಅಂತ ನೋಡುತ್ತ ಕೂಡುತ್ತಿದ್ದೆ.

ಆ ಅಂಗಡಿಯಲ್ಲಿ ನನಗೆ ಇಷ್ಟವಾದದ್ದು ಬಿಸಿ ಹಾಳಿ. ಯಂತ್ರ ಮೊದಲು ನರಳುತ್ತಿತ್ತು, ಆಮೇಲೆ ಹಾಳಿಯನ್ನು ಮೆಲ್ಲಗೆ ಹೊರಗೆ ತಳ್ಳುತ್ತಿತ್ತು. ತವೆಯಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿ. ಅದನ್ನು ಕೆನ್ನೆಗೆ ಒತ್ತಿಕೊಂಡರೆ ಸುಟ್ಟ ಮಸಿಯ ಒಂದು ವಾಸನೆ. ಚಳಿಯಲ್ಲಿ ಅದೊಂದು ಸುಖ. "ಮಾರಿ ಮ್ಯಾಲ ಅಚ್ಚ ಮೂಡ್ತಾವ ನೋಡು, ನಾಳೆ ಸಾಲ್ಯಾಗ ನಿನ್ನ ಗಲ್ಲಾ ಓದ್ತಾರ" ಅಂತ ಅಕ್ಕ ನಗುತ್ತಿದ್ದಳು.

ಹೊಸ ಹಾಳಿ ಗಿರಾಕಿಗೆ ಕೊಡಲು ಮಾತ್ರ. ತಪ್ಪು ನೋಡಲು ತೆಗೆಯುವ ಕರಡೆಲ್ಲ ಪಾಠಕೋರಾದ ಮೇಲೆ. ಸಾಲಿಯ ಸಣ್ಣ ಪರೀಕ್ಷೆಗಳ ಪ್ರಶ್ನೆಪತ್ರಿಕೆಯನ್ನೂ ಮಾಮಾ ಪಾಠಕೋರಾದ ಮೇಲೆ ಪುಕ್ಕಟೆ ತೆಗೆದುಕೊಡುತ್ತಿದ್ದರು. ಆದರೆ ಒಂದು ಕಟ್ಟಳೆ ಇತ್ತು. ಕೋರ್ಟಿನ ಕಾಗದ, ದವಾಖಾನೆಯ ಕಾಗದ ಕೆಟ್ಟರೆ ಪಾಠಕೋರಾದ ಗಂಟಿಗೆ ಸೇರಿಸಬಾರದು, ಹರಿದು ನಾಲ್ಕು ಚೂರು ಮಾಡಬೇಕು. "ಅದು ಮಂದಿ ಮನಿ ಇಜ್ಜತ್ ಅದ" ಅನ್ನುತ್ತಿದ್ದರು ಮಾಮಾ.

ಪಾಠಕೋರಾ ಹಾಳಿಯನ್ನು ಯಂತ್ರಕ್ಕೆ ಹಾಗೇ ಹಾಕಲು ಬರುವುದಿಲ್ಲ. ಅದೊಂದು ಅಡುಗೆಯ ಹಾಗೆ, ಮೊದಲು ಹಸನು ಮಾಡಬೇಕು. ಪಿನ್ನು ಕೀಳಬೇಕು. ಪಿನ್ನು ಉಳಿದರೆ ಒಳಗಿನ ಉರುಳೆಗೆ ಗೀರು ಬಿದ್ದು ಆಮೇಲೆ ಊರಿನ ಎಲ್ಲ ಲಗ್ನಪತ್ರಿಕೆಗಳ ಮೇಲೂ ಒಂದೇ ಕಡೆ ಕರಿ ಗೆರೆ. ಮಡಿಚಿದ ಮೂಲೆ ನೀವಬೇಕು. ಒಮ್ಮೆ ಬಿಸಿ ತಿಂದ ಹಾಳಿ ಸುರುಳಿಯಾಗಿರುತ್ತದೆ, ಅದನ್ನು ಹಿಂದಕ್ಕೆ ಬಗ್ಗಿಸಿ ನೆಟ್ಟಗೆ ಮಾಡಬೇಕು. ಕಟ್ಟನ್ನು ಬೀಸಣಿಗೆಯ ಹಾಗೆ ಬಿಡಿಸಿ ಗಾಳಿ ಆಡಿಸಬೇಕು, ಇಲ್ಲದಿದ್ದರೆ ಎರಡೆರಡು ಒಳಗೆ ಹೋಗಿ ಸಿಕ್ಕಿಬೀಳುತ್ತವೆ. ಕೊನೆಗೆ ಎಲ್ಲದರ ಖಾಲಿ ಬದಿ ಒಂದೇ ಕಡೆ ಬರಬೇಕು. ಇದನ್ನೆಲ್ಲ ನಾನು ಆಟದ ಹಾಗೆ ಮಾಡುತ್ತಿದ್ದೆ. ಅಕ್ಕ ಒಂದೇ ಮಾತು ಹೇಳಿದ್ದಳು.

"ಅಚ್ಚಾದ ಬದಿ ಓದಬ್ಯಾಡ ಬೇ. ಮಂದಿ ಮಾತು ಓದಿದ್ರ ಹೊಟ್ಟ್ಯಾಗ ನಿಲ್ಲೂದಿಲ್ಲ ನಿನಗ."

ನಾನು ಓದುತ್ತಿರಲಿಲ್ಲ. ನನಗೆ ಅದೊಂದು ಹೆಮ್ಮೆ. ಅಕ್ಷರ ಕಂಡರೆ ಕಣ್ಣು ಸಣ್ಣ ಮಾಡಿ ಮಸುಕು ಮಾಡಿಕೊಳ್ಳುತ್ತಿದ್ದೆ.

ಆ ದಿನ ನಮ್ಮ ಗಣಿತದ ಸರ್ ಮೂರೂವರೆಗೆ ಅಂಗಡಿಗೆ ಬಂದರು. ಮರುದಿನ ನಮ್ಮ ಇಯತ್ತೆಗೆ ಪರೀಕ್ಷೆ, ನಲವತ್ತೆರಡು ಪ್ರತಿ ಬೇಕು. ಪ್ರಶ್ನೆ ನನಗೆ ಕಾಣಬಾರದು ಅಂತ ಅವರು ನನ್ನನ್ನು ಹಿಂದಿನ ಕೋಣೆಗೆ ಕಳಿಸಿದರು. "ನೀ ಹಾಳಿ ಎಣಿಸು ಹೋಗವಾ. ಪ್ರಶ್ನಿ ನೋಡಿದಿ ಅಂದ್ರ ನಿನಗೊಬ್ಬಾಕಿಗೇ ಬ್ಯಾರೆ ಪತ್ರಿಕೆ ಕೊಡ್ತೇನಿ, ಪೂರಾ ಭಿನ್ನರಾಶಿದು." ಐದಕ್ಕೆ ಕರೆಂಟು ಹೋಗುವುದು. ಅವಸರವಿತ್ತು. ಎಣಿಸಿದೆ. ಮೂವತ್ತೊಂಬತ್ತು. ಮತ್ತೆ ಎಣಿಸಿದೆ. ಮೂವತ್ತೊಂಬತ್ತೇ. ಮೂರು ಕಡಿಮೆ.

ಹೇಳಿದರೆ ಅಕ್ಕ ಮೂರು ಹೊಸ ಹಾಳಿ ಕೊಡುತ್ತಿದ್ದಳು. ಆದರೆ ನಾನು ಹುಡುಕಿ ಪೂರಾ ಮಾಡಿ ಶಾಭಾಸ್ ಅನಿಸಿಕೊಳ್ಳಬೇಕಿತ್ತು. ಹಿಂದಿನ ಕೋಣೆಯ ಗೋಡೆಗೂಡಿನಲ್ಲಿ ಯಂತ್ರಕ್ಕೆ ಹೊದಿಸುವ ಬಟ್ಟೆ ಮಡಿಚಿ ಇಟ್ಟಿತ್ತು. ಅದರ ಕೆಳಗಿನಿಂದ ಬಿಳಿ ಅಂಚು ಕಾಣುತ್ತಿತ್ತು. ಎತ್ತಿದರೆ ಮೂರು ಹಾಳಿ. ಖಾಲಿ ಬದಿ ಮೇಲೆ. ಸರಿಯಾಗಿ ಮೂರು. ಹರಿಯಬೇಕಾದದ್ದನ್ನು ಅಕ್ಕ ಆಗಲೇ ಹರಿದಿರುತ್ತಾಳೆ, ಹರಿಯದೆ ಉಳಿದದ್ದು ಬಳಸುವುದಕ್ಕೇ ಇರುತ್ತದೆ. ಹೀಗೆ ವಿಚಾರ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹಿಂದೆ ಏನಿದೆ ಅಂತ ನೋಡಲಿಲ್ಲ. ಓದಬಾರದಲ್ಲ. ಮೂರನ್ನೂ ನಡುವೆ ಸೇರಿಸಿ ಗಾಳಿ ಆಡಿಸಿ ಕಟ್ಟನ್ನು ಅಕ್ಕನ ಕೈಗೆ ಕೊಟ್ಟೆ.

"ಪೂರಾ ಅದಾವೇನು?"

"ನಲವತ್ತೆರಡು ಅದಾವ."

"ಶಾಣ್ಯಾಕಿ" ಅಂದಳು ಅಕ್ಕ. ಹಾಳಿ ಯಂತ್ರದೊಳಗೆ ಇಟ್ಟಳು. ಒತ್ತಿದಳು.

ಮರುದಿನ ಮಧ್ಯಾಹ್ನದ ತಾಸಿಗೆ ಪರೀಕ್ಷೆ. ಸರ್ ಪತ್ರಿಕೆ ಹಂಚಿ, ಬಾಗಿಲಲ್ಲಿ ನಿಂತು ಇನ್ನೊಬ್ಬ ಸರ್ ಜೊತೆ ಮಾತಿಗಿಳಿದರು. ನನ್ನ ಮುಂದಿನ ಸಾಲಿನಲ್ಲಿ ಶಾಂತಾ. ಅವಳು ಯಾರ ಮಾತನ್ನಾದರೂ ಅಂದು ತೋರಿಸುವವಳು. ಅವಳು ಹೆಡ್‌ಮಾಸ್ತರರ ಹಾಗೆ ಕೆಮ್ಮಿದರೆ ಹೆಡ್‌ಮಾಸ್ತರರೇ ತಿರುಗಿ ನೋಡಬೇಕು. ಲೆಕ್ಕ ಬಾರದಿದ್ದಾಗ ಎಲ್ಲರೂ ಮಾಡುವ ಹಾಗೆ ಅವಳು ಹಾಳಿ ಹೊರಳಿಸಿದಳು. ಹಿಂದಿನ ಬದಿಯನ್ನು ಪಿಸುಪಿಸು ಓದತೊಡಗಿದಳು, ಮೂಗಿನ ಮೇಲೆ ಇಲ್ಲದ ಚಷ್ಮಾ ಏರಿಸಿಕೊಂಡು.

"ಸದರಿ ಎದುರುದಾರಳು ಲಗ್ನಕ್ಕೆ ಮುಂಚಿನಿಂದಲೂ..." 

ಪಕ್ಕದವರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ.

"...ಮುಂಚಿನಿಂದಲೂ ಮೂರ್ಛೆ ರೋಗದಿಂದ ಬಳಲುತ್ತಿದ್ದು, ಸದರಿ ಸಂಗತಿಯನ್ನು ಸದರಿ ಎದುರುದಾರಳ ತಂದೆ ತಾಯಿಯರು... ಏ ಎಷ್ಟು ಸದರಿ ಅದಾವಲೇ ಇದರಾಗ!... ಮೋಸದ ಉದ್ದೇಶದಿಂದ ಮರೆಮಾಚಿ ಅರ್ಜಿದಾರನಿಗೆ ಲಗ್ನ ಮಾಡಿಕೊಟ್ಟಿದ್ದು... ಸದರಿ ಶಿವಲೀಲಾ..."

ಅಲ್ಲಿ ನಿಂತಳು. ಆಮೇಲೆ ನಾಟಕವಿಲ್ಲದ ತನ್ನ ಸ್ವಂತ ದನಿಯಲ್ಲಿ ಮುಂದಿನದನ್ನು ಓದಿದಳು. ಗೊಬ್ಬೂರ. ಸದ್ಯ ಜೇವರ್ಗಿ. ತಂದೆಯ ಉದ್ಯೋಗ, ದನದ ದವಾಖಾನೆ.

ಹಿಂದೆ ತಿರುಗಿ ನನ್ನನ್ನು ನೋಡಿದಳು. ಅವಳ ಸುತ್ತ ಇದ್ದವರೆಲ್ಲ ನೋಡಿದರು.

ಮೈಮೇಲೆ ತಣ್ಣೀರು ಸುರಿದ ಹಾಗಾಯಿತು ಅನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಕಿವಿ ಮುಚ್ಚಿಹೋಯಿತು. ಸರ್ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರು ಬಂದು ಶಾಂತಾಳ ಕೈಯಿಂದ ಹಾಳಿ ತೆಗೆದುಕೊಂಡು ಎರಡು ಸಾಲು ಓದಿದರು. ಓದಿ, ಮಡಿಚಿ ಅಂಗಿಯ ಕಿಸೆಗೆ ಇಟ್ಟುಕೊಂಡರು. "ಎಲ್ಲಾರೂ ಹಾಳಿ ಹೊಳ್ಳಿಸಿ ನನಗ ತೋರಿಸ್ರಿ" ಅಂದದ್ದು ಮಾತ್ರ ಕೇಳಿಸಿತು. ಹುಡುಗರ ಸಾಲಿನಲ್ಲಿ ಇನ್ನೊಂದು ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಯಾರೋ ಚಡ್ಡಿಯ ಕಿಸೆಗೆ ಸೇರಿಸಿದ್ದರು. ಊರಿಗೆ ತಿಳಿಯಲು ಒಂದು ಹಾಳಿ ಸಾಕು.

ಪರೀಕ್ಷೆ ಬರೆಯಲಿಲ್ಲ. ಅನುಮತಿ ಕೇಳದೆ ಎದ್ದು ಅಂಗಡಿಗೆ ಓಡಿದೆ. ದಾರಿಯುದ್ದಕ್ಕೂ ಒಂದೇ ವಿಚಾರ: ಇದು ಸುಳ್ಳು, ಗೊಬ್ಬೂರಿನವರು ಸುಳ್ಳು ಬರೆಸಿದ್ದಾರೆ. ಆದರೆ ಓಡುತ್ತ ಓಡುತ್ತ ಒಂದೊಂದೇ ನೆನಪಾಯಿತು. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಪರಾತದ ಮೇಲೆ ಬಿದ್ದದ್ದು. ಅವ್ವ ನನ್ನನ್ನು ಹೊರಗೆ ನೂಕಿ ಬಾಗಿಲು ಹಾಕಿದ್ದು. "ಪಿತ್ತ ಆಗ್ಯಾದ" ಅಂದದ್ದು. ಇನ್ನೊಮ್ಮೆ ಬಾವಿಕಟ್ಟೆಯ ಹತ್ತಿರ. "ಬಿಸಲಿಗಿ ಚಕ್ಕರ್ ಬಂದದ" ಅಂದದ್ದು. ಅಂಗಡಿಯ ಮೆಟ್ಟಿಲು ತಲುಪುವ ಹೊತ್ತಿಗೆ ನನಗೆ ತಿಳಿದುಹೋಗಿತ್ತು. ಸುಳ್ಳು ಹೇಳಿದವರು ಅವರಲ್ಲ. ನಾವು.

ಅಕ್ಕ ಒಬ್ಬಳೇ ಇದ್ದಳು. ಮಾಮಾ ನಮಾಜಿಗೆ ಹೋಗಿದ್ದರು. ನನ್ನ ಮುಖ ನೋಡಿ ಎದ್ದು ನಿಂತಳು. ನಾನು ಏನು ಹೇಳಿದೆನೋ ನೆನಪಿಲ್ಲ. ಅವಳು ಹಿಂದಿನ ಕೋಣೆಗೆ ಹೋಗಿ ಬಟ್ಟೆ ಎತ್ತಿ ನೋಡಿ ಬಂದಳು. ಬಂದು ಕುರ್ಚಿಯ ಮೇಲೆ ಕೂತಳು.

"ಅರಿವಿ ಕೆಳಗಿಂದು ನೀ ತಗೊಂಡಿದ್ಯಾ?"

"ಮೂರು ಕಡಿಮಿ ಇದ್ದವು."

"ಓದಲಿಲ್ಲೇನು?"

"ನೀನೇ ಓದಬ್ಯಾಡ ಅಂದಿದ್ದಿ."

ಅಕ್ಕ ನನ್ನನ್ನು ನೋಡುತ್ತಲೇ ಇದ್ದಳು. ಬಯ್ಯುತ್ತಾಳೆ ಅಂತ ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ಅದು ಈ ಅಂಗಡ್ಯಾಗ ಹ್ಯಾಂಗ ಬಂತು? ಯಾರು ಟೈಪ್ ಮಾಡಿದ್ರು?"

"ಈ ಅಂಗಡ್ಯಾಗ ಟೈಪ್ ಮಾಡಾಕಿ ಯಾರು ಅದಾರ ನನ್ನ ಬಿಟ್ಟು?"

ಆ ದಿನದ ಎಲ್ಲ ಆಘಾತಗಳಲ್ಲಿ ಇದೇ ದೊಡ್ಡದು. ಗೊಬ್ಬೂರಿನವರು ಜೇವರ್ಗಿಯಲ್ಲೇ ಹಿಡಿದ ವಕೀಲರ ಕಾರಕೂನ ಕೈಬರಹದ ನಕಲು ತಂದು ಉಳಿದ ಕಾಗದಗಳ ಜೊತೆ ಮೇಜಿನ ಮೇಲಿಟ್ಟು ಹೋಗಿದ್ದಾನೆ. ಕಾಗದದಲ್ಲಿನ ಹೆಸರು ಅವನಿಗೆ ಗೊತ್ತು, ಟೈಪು ಮಾಡುವವಳೇ ಅವಳು ಅನ್ನುವುದು ಅವನ ತಲೆಗೆ ಬಂದಿಲ್ಲ. ಅಕ್ಕ ತನ್ನ ಸರದಿಯ ಪ್ರಕಾರ ಅದನ್ನು ಎತ್ತಿಕೊಂಡಿದ್ದಾಳೆ. ತನ್ನ ಹೆಸರು ಕಂಡಿದ್ದಾಳೆ. ಮಾಮಾನಿಗೆ ಹೇಳಬಹುದಿತ್ತು, ಬರುವುದಿಲ್ಲ ಅಂತ ವಾಪಸು ಕೊಡಬಹುದಿತ್ತು. ಮೂರು ಹಾಳಿಯನ್ನೂ ಪೂರಾ ಟೈಪು ಮಾಡಿದ್ದಾಳೆ.

"ವಯಸ್ಸು ಇಪ್ಪತ್ತಾರು ಅಂತ ಬರದಿದ್ರು. ಇಪ್ಪತ್ತೆರಡು ಮಾಡಿದೆ. ಉಳಿದದ್ದು ಹಂಗೇ ಬಿಟ್ಟೆ" ಅಂದಳು. "ಉಳಿದದ್ದು ಖರೇನೇ ಇತ್ತು."

ಮೊದಲ ಸಲ ತೆಗೆದದ್ದರಲ್ಲಿ ಮಸಿ ಸರಿ ಹತ್ತಿರಲಿಲ್ಲವಂತೆ. ಮಸಿಯ ಡಬ್ಬಿ ಅಲುಗಾಡಿಸಿ ಮತ್ತೆ ತೆಗೆದು ಕಾರಕೂನನಿಗೆ ಕೊಟ್ಟಳು. ಕೆಟ್ಟ ಮೂರನ್ನು ಹರಿಯಬೇಕಿತ್ತು. ಹರಿಯಲಿಲ್ಲ.

"ಯಾಕ ಹರೀಲಿಲ್ಲ?"

"ಅಪ್ಪಗ ತೋರಿಸಬೇಕಂತ ಇಟ್ಟಿದ್ದೆ. ಪುಣೆ ಪುಣೆ ಅನ್ನೂದು ಬಿಡ್ಲಿ ಅಂತ. ನಾಕು ದಿನ ಆತು, ಧೈರ್ಯ ಸಾಲಲಿಲ್ಲ." ಆಮೇಲೆ ನನ್ನ ಮೂಗು ತನ್ನ ಸೆರಗಿನಿಂದ ಒರೆಸಿದಳು. "ಕೇಳಿಲ್ಲಿ. ಯಾರು ಕೇಳಿದ್ರೂ ಹಾಳಿ ಅಕ್ಕನೇ ಹಾಕಿದ್ಲು ಅನ್ನು. ನೀ ಇನ್ನಾ ಅದೇ ಸಾಲಿಗಿ ಹೋಗಬೇಕು."

ಮಾಮಾ ಬಂದ ಮೇಲೆ ಅವಳು ಹಾಗೇ ಹೇಳಿದಳು. "ಕೋರ್ಟಿನ ಹಾಳಿ ಸಾಲಿಗಿ ಹೋಗ್ಯಾವ್ರಿ ಮಾಮಾ. ನಾನೇ ಹಾಕಿದೆ." ಯಾರ ಕಾಗದ ಅಂತ ಅವರು ಕೇಳಿದರು. "ನಂದು" ಅಂದಳು. ಮಾಮಾ ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಟೋಪಿ ಹಾಕಿಕೊಂಡರು. ನಾನು ಬಾಯಿ ತೆರೆಯಲಿಲ್ಲ.

ಸಂಜೆಗೆ ಮಾತು ದನದ ದವಾಖಾನೆ ಮುಟ್ಟಿತ್ತು. ಎಮ್ಮೆ ಹಿಡಿದುಕೊಂಡು ಬಂದವನೊಬ್ಬ "ಕಂಪೌಂಡರ್ ಸಾಹೇಬ್ರೆ, ನಿಮ್ಮ ಅಳಿಯ ಪುಣೆದಾಗ ಇಲ್ಲಂತಲ್ರಿ" ಅಂದನಂತೆ. ಅಪ್ಪ ಮನೆಗೆ ಬಂದು ಸೈಕಲ್ಲು ನಿಲ್ಲಿಸಲಿಲ್ಲ, ಗೋಡೆಗೆ ಒಗೆದ. ಅಕ್ಕನನ್ನು ಹೊಡೆಯಲಿಲ್ಲ, ಕೂಗಾಡಲೂ ಇಲ್ಲ. "ನಾಳಿಂದ ಹೊರಗ ಕಾಲಿಡಬ್ಯಾಡ" ಅಂದ. ಅಷ್ಟೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಅಕ್ಕ ತಲೆಯಾಡಿಸಿ ಒಳಗೆ ಹೋದಳು. ಮಾತು ಕೊಟ್ಟಿದ್ದಳಲ್ಲ.

ಮೂರು ದಿನ ಅಕ್ಕ ಒಳಗಿನ ಕೋಣೆಯಲ್ಲಿ ಕೂತಳು. ಎಳ್ಳಮಾಸಿಯ ಸಜ್ಜೆ ಹಸನು ಮಾಡಿದಳು. ಹಸನು ಮಾಡಿದ್ದನ್ನೇ ಮತ್ತೆ ಮೊರಕ್ಕೆ ಸುರುವಿಕೊಂಡು ಹಸನು ಮಾಡಿದಳು. ಬೆರಳುಗಳು ಕಾಳಿನ ಮೇಲೆ ಟೈಪು ಮಾಡುವ ಹಾಗೆ ಆಡುತ್ತಿದ್ದವು. ಸಾಲಿಯಲ್ಲಿ ನನ್ನ ಪಕ್ಕದ ಹುಡುಗಿಯನ್ನು ಅವಳ ತಾಯಿ ಹೇಳಿ ಬೇರೆ ಕಡೆ ಕೂಡಿಸಿದ್ದರು, ರೋಗ ಅಂಟುತ್ತದಂತೆ. ಶಾಂತಾ ಮಾತ್ರ ಆ ಜಾಗಕ್ಕೆ ಬಂದು ಕೂತಳು. ಕ್ಷಮೆ ಕೇಳಲಿಲ್ಲ, ಒಂದು ಹಿಡಿ ಸುಲಗಾಯಿ ನನ್ನ ಮುಂದೆ ಸುರುವಿದಳು. ನಾನು ತಿನ್ನಲಿಲ್ಲ. ನಾಳೆ ಹೇಳುತ್ತೇನೆ, ಹಾಳಿ ಹಾಕಿದವಳು ನಾನು ಅಂತ ಅಪ್ಪನಿಗೆ ಹೇಳುತ್ತೇನೆ ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದ್ದರೂ ಏನೂ ಬದಲಾಗುತ್ತಿರಲಿಲ್ಲ ಅನ್ನುವುದು ದೊಡ್ಡವಳಾದ ಮೇಲಿನ ಸಮಾಧಾನ.

ನಾಲ್ಕನೆಯ ದಿನ ಬೆಳಿಗ್ಗೆ ಖಾಜಾ ಮಾಮಾ ನಮ್ಮ ಬಾಗಿಲಿಗೆ ಬಂದರು. ಅಪ್ಪ ಇನ್ನೂ ಮನೆಯಲ್ಲಿದ್ದ. ಓಣಿಯ ನಲ್ಲಿಗೆ ನೀರು ಬಂದಿತ್ತು. ಕೊಡ ಹಿಡಿದ ಹೆಂಗಸರ ಸಾಲು ನಮ್ಮ ಕಟ್ಟೆಯವರೆಗೂ ಇತ್ತು. ಎಲ್ಲರೂ ಈ ಕಡೆ ತಿರುಗಿದರು.

"ಬರ್ರಿ" ಅಂದ ಅಪ್ಪ, ದಾರಿ ಬಿಡದೆ.

"ಬರಂಗಿಲ್ರಿ, ಇಲ್ಲೇ ನಿಂದರ್ತೇನಿ. ಅಂಗಡ್ಯಾಗ ಮಂದಿ ಕುಂತದ. ನನಗ ಆ ಮಶೀನ್ ತಿಳೀಲಾರದು ನಿಮಗ ಗೊತ್ತೇ ಅದ. ಬೇಟಿನ್ನ ಕಳಸ್ರಿ."

"ಆಕಿ ಬರೂದಿಲ್ರಿ. ಊರೇ ಆಡಾಕತ್ತದ. ನಿಮಗೂ ತಿಳಿದಿರಬೇಕು."

"ತಿಳಿದದ."

"ತಿಳಿದೂ ಕೇಳಾಕ ಬಂದೀರಿ?"

ಮಾಮಾ ಅಪ್ಪನನ್ನು ಬಿಟ್ಟು ಬಾಗಿಲ ಹಿಂದೆ ನಿಂತಿದ್ದ ಅವ್ವನ ಕಡೆ ನೋಡಿದರು. "ನಾ ಬ್ಯಾರೆ ಕೇಳಾಕ ಬಂದೇನಿ ಬಹೆನ್. ಅಂಗಡ್ಯಾಗ ಇದ್ದಾಗ ಬೇಟಿಗಿ ಬ್ಯಾನಿ ಬಂತಂದ್ರ ನಾ ಏನ್ ಮಾಡಬೇಕು? ಅದೊಂದು ಹೇಳ್ರಿ. ಗೊತ್ತಿಲ್ಲದ ಕುಂದರಿಸ್ಕೊಂಡಿದ್ದೆ, ಅದು ನನ್ನ ತಪ್ಪು. ಈಗ ಗೊತ್ತಾಗ್ಯಾದ, ಕಲೀಬೇಕಲ್ಲ."

ನಲ್ಲಿಯ ಕೆಳಗಿನ ಕೊಡ ತುಂಬಿ ಚೆಲ್ಲುತ್ತಿತ್ತು, ಯಾರೂ ತೆಗೆಯಲಿಲ್ಲ. ನಮ್ಮ ಮನೆಯಲ್ಲಿ ಆ ಬೇನೆಗೆ ಹೆಸರೇ ಇರಲಿಲ್ಲ. ಪಿತ್ತ ಇತ್ತು, ಬಿಸಿಲು ಇತ್ತು, ಚಕ್ಕರ್ ಇತ್ತು. ನಾನು ಅಪ್ಪನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ಅವ್ವ ಹೊರಗೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಜೀವಮಾನದಲ್ಲಿ ಗಂಡಸರ ಮುಂದೆ ಎರಡು ಮಾತು ಜೋರಾಗಿ ಆಡದವಳು ಓಣಿಗೆಲ್ಲ ಕೇಳುವ ಹಾಗೆ ಮಾತಾಡಿದಳು.

"ಆಕಿಗಿ ಫಿಟ್ಸ್ ಬರ್ತಾವ್ರಿ ಅಣ್ಣಾ. ಎಂಟು ವರ್ಷದಾಕಿ ಇದ್ದಾಗಿಂದ ಬರ್ತಾವ. ಬಂದ್ರ ಅಂಜಬ್ಯಾಡ್ರಿ. ತಲಿ ಬಡೀದಂಗ ಕೆಳಗ ಏನರ ಮೆತ್ತಂದು ಇಡ್ರಿ. ಮಗ್ಗಲಿಗಿ ಹೊಳ್ಳಿಸ್ರಿ. ಕೈಯಾಗ ಕಬ್ಬಿಣ ಕೊಡಬ್ಯಾಡ್ರಿ. ಚಪ್ಪಲಿ ವಾಸನಿ ತೋರಿಸಬ್ಯಾಡ್ರಿ, ಮಂದಿ ತೋರಿಸ್ತಾರ. ಬಾಯಾಗ ನೀರು ಹಾಕಬ್ಯಾಡ್ರಿ. ತಾನೇ ನಿಂದರ್ತದ. ಎದ್ದ ಮ್ಯಾಲ ಆಕಿಗಿ ಏನೂ ನೆನಪಿರೂದಿಲ್ಲ, ಏನಾತು ಅಂತ ಕೇಳ್ತಾಳ. ಏನೂ ಆಗಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ. ನಾ ಅದೇ ಹೇಳ್ಕೋತ ಬಂದೆ. ನೀವು ಖರೇ ಹೇಳ್ರಿ."

ಅವ್ವನಿಗೆ ಇಷ್ಟು ಗೊತ್ತಿತ್ತು. ಹದಿನಾಲ್ಕು ವರ್ಷ ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಇದನ್ನೆಲ್ಲ ಕಲಿತಿದ್ದಳು. ಯಾರಿಗೂ ಕಲಿಸಿರಲಿಲ್ಲ. ಗೊಬ್ಬೂರಿನವರಿಗೂ ಕಲಿಸಿ ಕಳಿಸಿರಲಿಲ್ಲ. ಅಲ್ಲಿ ಅಕ್ಕ ಹೊಲದಲ್ಲಿ ಬಿದ್ದಾಗ ಅವರು ಏನು ಮಾಡಿದರು ಅನ್ನುವುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾಮಾ ಬೆರಳು ಮಡಿಚಿ ಎಣಿಸುತ್ತ ಕೇಳಿಸಿಕೊಂಡರು. "ಮೆತ್ತಂದು. ಮಗ್ಗಲಿಗಿ. ನೀರಿಲ್ಲ. ಖರೇ ಹೇಳೂದು. ಠೀಕ್ ಅದ." ಮತ್ತೆ ಅಪ್ಪನ ಕಡೆ ತಿರುಗಿದರು. "ದನಕ್ಕ ಬ್ಯಾನಿ ಬಂದ್ರ ನೀವು ಮುಚ್ಚಿಡ್ತೀರೇನ್ರಿ ಕಂಪೌಂಡರ್ ಸಾಹೇಬ್?"

ಅಪ್ಪ ಬಾಗಿಲಿಂದ ಸರಿದ. ಅದು ಒಪ್ಪಿಗೆಯೋ ಸೋಲೋ ಈಗಲೂ ತಿಳಿಯದು. ಅಕ್ಕ ಒಳಗಿನಿಂದ ಬಂದಳು. ಮೈಮೇಲೆಲ್ಲ ಸಜ್ಜೆಯ ಧೂಳು. ಸೀರೆ ಬದಲಿಸಲಿಲ್ಲ. ನೀರಿನ ಸಾಲಿನ ನಡುವೆ ಹಾದು, ತುಂಬಿ ಚೆಲ್ಲುತ್ತಿದ್ದ ಆ ಕೊಡವನ್ನು ಪಕ್ಕಕ್ಕೆ ಸರಿಸಿಟ್ಟು, ಮಾಮಾನ ಮುಂದೆ ಮುಂದೆ ನಡೆದು ಹೋದಳು.

ಲಗ್ನ ಮುರಿಯಿತು. ಅಕ್ಕ ಆಮೇಲೆ ಆ ಕುರ್ಚಿಯಲ್ಲಿ ಇಪ್ಪತ್ತು ವರ್ಷದ ಮೇಲೆ ಕೂತಳು. ಮಾಮಾ ಹೋದ ಮೇಲೆ ಅಂಗಡಿ ಅವಳೇ ನಡೆಸಿದಳು. ಅಂಗಡಿಯಲ್ಲಿ ಅವಳಿಗೆ ಬೇನೆ ಬಂದದ್ದು ಕೆಲವೇ ಸಲ. ಸಾಲಿನಲ್ಲಿ ನಿಂತ ಗಿರಾಕಿಗಳೇ ಮಗ್ಗುಲಿಗೆ ಹೊರಳಿಸಿ ಕಾಯುತ್ತಿದ್ದರಂತೆ. ಎದ್ದ ಮೇಲೆ "ಫಿಟ್ಸ್ ಬಂದಿತ್ತವಾ, ಸಣ್ಣದು. ನೀರು ಕುಡಿ. ನನ್ನ ಅರ್ಜಿ ಅರ್ಧಾ ಆಗ್ಯಾದ" ಅನ್ನುತ್ತಿದ್ದರಂತೆ. ಜೇವರ್ಗಿಯ ಮಂದಿ ಹಾಗೆ ಕಲಿತಿದ್ದರು.

ಅಪ್ಪ ಅವ್ವ ಇಲ್ಲ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಅಕ್ಕ ಕೊನೆಯ ಮೂರು ವರ್ಷ ಗುಲ್ಬರ್ಗಾದಲ್ಲಿ ನನ್ನ ಮನೆಯಲ್ಲಿದ್ದಳು. ನಮ್ಮದು ಮೂರನೆಯ ಮಹಡಿ, ಎದುರು ಮನೆಯವರ ಹೆಸರು ನನಗೆ ತಿಳಿಯದು. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೋದ ಮೇಲೆ, ಅವಳು ಬಚ್ಚಲಲ್ಲಿ ಬಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ಸದ್ದು ಕೇಳಿದೆ, ಯಾರದೋ ಮನೆ ಅಂತ ಸುಮ್ಮನಾದೆವು ಅಂದರು ಎದುರಿನವರು.

ಸಾವಿನ ಸುದ್ದಿ ಕೇಳಿ ಮಾತಾಡಿಸಲು ಬಂದವರ ಮುಂದೆ ನಮ್ಮ ಸಂಬಂಧಿಕರೊಬ್ಬರು ಹೇಳುತ್ತಿದ್ದರು: "ಬಿಪಿ ಇತ್ರಿ. ಒಮ್ಮೇಲೆ ಏರಿಬಿಡ್ತು." ನಿನ್ನ ಮಗಳಿಗೆ ಲಗ್ನದ ಮಾತು ನಡೆದಿದೆ, ಮನೆತನದಲ್ಲಿ ಫಿಟ್ಸ್ ಅಂದರೆ ಕೆಲಸ ಕೆಡುತ್ತದೆ ಅಂತ ನನ್ನ ಕಿವಿಯಲ್ಲಿ ಹೇಳಿದರು. ಇಬ್ಬರು ಬಂದರು, ಮೂವರು ಬಂದರು, ಮತ್ತೆ ಮತ್ತೆ ಬಿಪಿ. ಒಬ್ಬಾಕೆ ನನ್ನ ಕೈ ಹಿಡಿದು ಕೇಳಿದರು.

"ಹೌದೇನವಾ, ಬಿಪಿ ಇತ್ತೇನು?"

ಅವ್ವ ಓಣಿಯಲ್ಲಿ ನಿಂತು ಹೇಳಿದ ಒಂದೊಂದು ಮಾತೂ ನನಗೆ ಬಾಯಿಪಾಠ ಇದೆ.

"ಹೌದ್ರಿ" ಅಂದೆ.